ಜೈಲಿನ ಬಾಗಿಲಿನಾಚೆ: ಬಿಡುಗಡೆಯಾದ ಮನೋರೋಗಿಗಳಿಗೆ ನೆರವು

ಮಾನಸಿಕ ಕಾಯಿಲೆ ಇರುವ ವ್ಯಕ್ತಿ ಜೈಲಿನಿಂದ ಬಿಡುಗಡೆಯಾದ ಮೇಲೆ ಅವನಿಗೆ ಬೇಕಾಗುವ ನೆರವು ಮಾತ್ರೆಗೆ ಮುಗಿಯುವಂಥದ್ದಲ್ಲ. ತಪ್ಪದ ಚಿಕಿತ್ಸೆ, ತಲೆಯ ಮೇಲೊಂದು ಸೂರು, ಕೈಗೊಂದು ಕೆಲಸ, ಗುರುತಿನ ದಾಖಲೆ, ಮನೆಯವರ ಒಪ್ಪಿಗೆ, ಬಾಕಿ ಇರುವ ಮೊಕದ್ದಮೆಯ ಹಾಜರಿ ಇವೆಲ್ಲ ಒಟ್ಟಿಗೆ ಕೂಡಿಬರಬೇಕು. ಒಂದು ಕೈಕೊಟ್ಟರೆ ಉಳಿದವೂ ಹೆಚ್ಚು ದಿನ ನಿಲ್ಲುವುದಿಲ್ಲ. ಭಾರತದಲ್ಲಿ ಈ ಕೆಲಸಗಳು ಬೇರೆಬೇರೆ ಇಲಾಖೆಗಳಲ್ಲಿ ಹಂಚಿಹೋಗಿವೆ. ಜೈಲು ಗೃಹ ಇಲಾಖೆಯದು, ಆಸ್ಪತ್ರೆ ಆರೋಗ್ಯ ಇಲಾಖೆಯದು, ಮಾಸಾಶನ ಕರ್ನಾಟಕದಲ್ಲಿ ಕಂದಾಯ ಇಲಾಖೆಯದು, ವಕೀಲರ ನೆರವು ಕಾನೂನು ಸೇವಾ ಪ್ರಾಧಿಕಾರದ್ದು. ಕೈದಿಯಾಗಿದ್ದಷ್ಟು ದಿನ ಅವನ ಹೆಸರು ಒಂದು ರಿಜಿಸ್ಟರಿನಲ್ಲಿ ಇರುತ್ತದೆ. ಬಿಡುಗಡೆಯಾದ ದಿನ ಆ ರಿಜಿಸ್ಟರಿನಿಂದ ಹೆಸರು ಹೋಗುತ್ತದೆ, ಇನ್ನೊಂದರಲ್ಲಿ ಏರುವುದಿಲ್ಲ. ಈ ಕ್ಷೇತ್ರದ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಹಸ್ತಾಂತರದ ಜಾಗದಲ್ಲಿ.

ಎಷ್ಟು ಮಂದಿ, ಯಾವ ಕಾಯಿಲೆ

ಹೊರಗಿನ ಸಮಾಜಕ್ಕಿಂತ ಜೈಲಿನಲ್ಲಿ ಮಾನಸಿಕ ಕಾಯಿಲೆ ಹೆಚ್ಚು ಎಂಬುದು ಎಲ್ಲ ದೇಶಗಳ ಅನುಭವ. 2002ರಲ್ಲಿ ಸೀನಾ ಫಜೆಲ್ ಮತ್ತು ಜಾನ್ ಡನೇಶ್ ಅವರು 12 ದೇಶಗಳ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕೈದಿಗಳಲ್ಲಿ ಸುಮಾರು ಶೇ 4ರಷ್ಟು ಮಂದಿಗೆ ವಾಸ್ತವದ ಅರಿವು ತಪ್ಪಿಸುವ ಸೈಕೋಸಿಸ್ ಕಾಯಿಲೆ ಇರುತ್ತದೆ. ತೀವ್ರ ಖಿನ್ನತೆ ಪುರುಷ ಕೈದಿಗಳಲ್ಲಿ ಶೇ 10, ಮಹಿಳೆಯರಲ್ಲಿ ಶೇ 12.

ಭಾರತದ ಮಟ್ಟಿಗೆ ಬಹುವಾಗಿ ಉಲ್ಲೇಖವಾಗುವ ಅಧ್ಯಯನ ಬೆಂಗಳೂರಿನದೇ. ನಿಮ್ಹಾನ್ಸ್ ವೈದ್ಯರ ತಂಡ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಹೊರತಂದಿತು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಬಳಕೆಯ ತೊಂದರೆ, ಇವೆರಡರಲ್ಲಿ ಒಂದಾದರೂ ಇದ್ದವರು ಶೇ 79.6. ಮದ್ಯ, ತಂಬಾಕು, ಗಾಂಜಾದಂಥ ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಶೇ 27.6 ಮಂದಿಗೆ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕ ಜನಸಾಮಾನ್ಯರ ಪ್ರಮಾಣ ಶೇ 10.6. ಎರಡು ಅಧ್ಯಯನಗಳ ವಿಧಾನ ಬೇರೆಯಾದ್ದರಿಂದ ಅಂಕಿಗಳನ್ನು ನೇರವಾಗಿ ತೂಗಿನೋಡಲಾಗದು. ಅಂತರ ದೊಡ್ಡದೆಂಬುದು ಮಾತ್ರ ಸ್ಪಷ್ಟ. ಇತ್ತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೊರಡಿಸುವ ವಾರ್ಷಿಕ ಜೈಲು ಅಂಕಿಅಂಶಗಳಲ್ಲಿ ಮನೋರೋಗಿಗಳೆಂದು ದಾಖಲಾದ ಕೈದಿಗಳು ಶೇ 2ನ್ನೂ ಮುಟ್ಟುವುದಿಲ್ಲ. ವೈದ್ಯರು ಕೂತು ಹುಡುಕಿದಾಗ ಕಾಣುವ ಸಂಖ್ಯೆಗೂ ಜೈಲಿನ ಕಡತದಲ್ಲಿ ಕಾಣುವ ಸಂಖ್ಯೆಗೂ ಇರುವ ಈ ವ್ಯತ್ಯಾಸವೇ ಮೊದಲ ಅಡಚಣೆ. ಒಳಗಿದ್ದಾಗ ಗುರುತಾಗದ ರೋಗಿಗೆ ಹೊರಗೆ ಹೋದ ಮೇಲೆ ನೆರವು ಕೊಡುವವರು ಯಾರು?

ಜೈಲಿನಲ್ಲಿರುವ ಮನೋರೋಗಿಗಳಲ್ಲಿ ಮೂರು ಬಗೆಯವರಿದ್ದಾರೆ. ಕಾಯಿಲೆ ಮೊದಲೇ ಇದ್ದು, ಅದರ ನಡುವೆಯೇ ಸಿಕ್ಕಿಬಿದ್ದವರು ಕೆಲವರು. ಬಂಧನ, ಏಕಾಂಗಿತನ, ಮೊಕದ್ದಮೆಯ ಚಿಂತೆಯಿಂದ ಒಳಗೇ ಕಾಯಿಲೆ ಬಿದ್ದವರು ಮತ್ತೆ ಕೆಲವರು. ಕುಡಿತ ಅಥವಾ ಮಾದಕ ವಸ್ತುವಿನ ಚಟಕ್ಕೆ ಸಿಕ್ಕಿ, ಅದರ ಜೊತೆಗೆ ಖಿನ್ನತೆ ಇಲ್ಲವೇ ಸೈಕೋಸಿಸ್ ಕೂಡಿಕೊಂಡವರು ಮೂರನೆಯವರು. ಇವರಿಗೆ ಬೇಕಾದ ಆರೈಕೆ ಒಂದೇ ಅಲ್ಲ. ಮೊದಲಿನವರಿಗೆ ವರ್ಷಾನುಗಟ್ಟಲೆ ಔಷಧ ಬೇಕು, ಎರಡನೆಯವರಲ್ಲಿ ಹಲವರಿಗೆ ಕೆಲವು ತಿಂಗಳ ಚಿಕಿತ್ಸೆ, ಆಪ್ತಸಮಾಲೋಚನೆ ಸಾಕು, ಮೂರನೆಯವರಿಗೆ ಚಟಬಿಡಿಸುವ ಚಿಕಿತ್ಸೆಯೂ ಮನೋವೈದ್ಯಕೀಯ ಚಿಕಿತ್ಸೆಯೂ ಒಂದೇ ಕಡೆ ಸಿಗಬೇಕು.

ಕಾನೂನು ನಡೆದುಬಂದ ದಾರಿ

1912ರ ಭಾರತೀಯ ಲುನಸಿ ಕಾಯ್ದೆಯ ಕಾಲದಲ್ಲಿ ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನೂ ಜೈಲಿನಲ್ಲಿಡುವ ರೂಢಿ ಹಲವು ರಾಜ್ಯಗಳಲ್ಲಿತ್ತು. 1982ರ ವೀಣಾ ಸೇಥಿ ಪ್ರಕರಣದಲ್ಲಿ ಆಗಿನ ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಕಾಯಿಲೆಯ ಹೆಸರಿನಲ್ಲಿ ದಶಕಗಳ ಕಾಲ ಕೊಳೆತವರ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರಲ್ಲಿ ಹಲವರು ಗುಣವಾದ ಮೇಲೂ ಒಳಗೇ ಉಳಿದಿದ್ದರು. 1993ರಲ್ಲಿ ಶೀಲಾ ಬರ್ಸೆ ಪ್ರಕರಣದ ತೀರ್ಪು, ಅಪರಾಧವಿಲ್ಲದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ, ಸಂವಿಧಾನವಿರೋಧಿ ಎಂದು ಸಾರಿತು.

ಮರೆವು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಪ್ರಕರಣ ಸಾಕ್ಷಿ. 1951ರಲ್ಲಿ ಬಂಧಿತರಾದ ಅವರನ್ನು ತೇಜಪುರದ ಮನೋರೋಗ ಆಸ್ಪತ್ರೆಗೆ ಕಳಿಸಲಾಯಿತು. 1967ರಲ್ಲೇ ಆಸ್ಪತ್ರೆ ಅವರು ಗುಣವಾಗಿದ್ದಾರೆಂದು ದೃಢೀಕರಿಸಿತ್ತು. ಆದರೂ ವಿಚಾರಣೆ ನಡೆಯದೆ 2005ರವರೆಗೆ, ಒಟ್ಟು 54 ವರ್ಷ, ಅವರು ಬಂಧನದಲ್ಲಿದ್ದರು. ಮಾನವ ಹಕ್ಕು ಆಯೋಗದ ಗಮನಕ್ಕೆ ಬಂದ ಮೇಲೆ ಒಂದು ರೂಪಾಯಿಯ ಬಾಂಡಿನ ಮೇಲೆ ಬಿಡುಗಡೆಯಾಯಿತು. ಸುಪ್ರೀಂ ಕೋರ್ಟು 3 ಲಕ್ಷ ರೂಪಾಯಿ ಪರಿಹಾರಕ್ಕೂ ಮಾಸಿಕ ಭತ್ಯೆಗೂ ಆದೇಶಿಸಿತು. 2007ರಲ್ಲಿ ಅವರು ತೀರಿಕೊಂಡರು.

ಈಗಿನ ಆಧಾರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿದೆ. ಇದರ 103ನೇ ಕಲಂ ಕೈದಿಗಳಿಗೆ ಸಂಬಂಧಿಸಿದ್ದು. ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕು. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ಕಲಂ 18 ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣವಾದ ಹಾಫ್‌ವೇ ಹೋಂ, ಆಸರೆಯ ವಸತಿ ಸೇರಿದಂತೆ ಚಿಕಿತ್ಸೆಯನ್ನು ಹಕ್ಕಾಗಿಸಿದರೆ, ಕಲಂ 19 ಸಮುದಾಯದ ನಡುವೆ ಬದುಕುವ ಹಕ್ಕನ್ನೂ ಕಲಂ 27 ಉಚಿತ ಕಾನೂನು ನೆರವನ್ನೂ ಕೊಡುತ್ತದೆ. ಕಲಂ 98ರ ಪ್ರಕಾರ ರೋಗಿಯನ್ನು ಮನೆಗೆ ಕಳಿಸುವ ಮುನ್ನ ವೈದ್ಯರು ಅವನೊಂದಿಗೆ, ಅವನು ಹೋಗಿ ಇರುವ ಮನೆಯವರೊಂದಿಗೆ, ಮುಂದೆ ನೋಡಿಕೊಳ್ಳುವ ವೈದ್ಯರೊಂದಿಗೆ ಮಾತನಾಡಿ ಮುಂದಿನ ಚಿಕಿತ್ಸೆಯನ್ನು ಗೊತ್ತುಮಾಡಬೇಕು. ಆದರೆ ಈ ಕಲಂ ಹೇಳುವುದು ಮಾನಸಿಕ ಆರೋಗ್ಯ ಕೇಂದ್ರಗಳ ಬಗ್ಗೆ. ಜಿಲ್ಲಾ ಕಾರಾಗೃಹದ ಸಾಮಾನ್ಯ ಡಿಸ್ಪೆನ್ಸರಿಯಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವನಿಗೆ ಇದು ತಾನಾಗಿ ಅನ್ವಯಿಸುವುದಿಲ್ಲ. ಮನೋರೋಗಿ ಕೈದಿಗಳಲ್ಲಿ ಹೆಚ್ಚಿನವರು ಇರುವುದು ಅಂಥ ಜೈಲುಗಳಲ್ಲೇ.

ಬಿಡುಗಡೆಯ ಬಗೆಗಳು

ಬಿಡುಗಡೆ ಹೇಗಾಗುತ್ತದೆ ಎಂಬುದರ ಮೇಲೆ ತಯಾರಿ ಸಾಧ್ಯವೇ ಇಲ್ಲವೇ ಎಂಬುದು ನಿಂತಿದೆ. ಶಿಕ್ಷೆ ಮುಗಿಸಿ ಹೊರಬರುವವನ ತಾರೀಖು ಮುಂಚೆಯೇ ಗೊತ್ತಿರುತ್ತದೆ. ತಿಂಗಳುಗಳ ಮೊದಲೇ ಮನೆಗೆ ತಿಳಿಸಬಹುದು, ಆಸ್ಪತ್ರೆಗೆ ಪತ್ರ ಬರೆಯಬಹುದು. ಆದರೆ ಭಾರತದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಇವರ ಬಿಡುಗಡೆ ಜಾಮೀನು ಆದೇಶದ ಮೇಲೆ. ಆದೇಶ ಜೈಲಿಗೆ ತಲುಪಿದರೆ ಬಹುಬೇಗ ಹೊರಗೆ. ಜೈಲಿನ ವೈದ್ಯರಿಗೆ ಸುದ್ದಿ ತಿಳಿಯುವಷ್ಟರಲ್ಲಿ ರೋಗಿ ಬಸ್‌ ನಿಲ್ದಾಣದಲ್ಲಿರುತ್ತಾನೆ. ಮಾತ್ರೆಯ ಪಟ್ಟಿಯೂ ಚೀಟಿಯೂ ಒಳಗೇ ಉಳಿಯುತ್ತವೆ. ಶ್ಯೂರಿಟಿ ಕೊಡುವವರಿಲ್ಲದ ಬಡ ರೋಗಿಯ ಕಷ್ಟ ಇದಕ್ಕೆ ತದ್ವಿರುದ್ಧ: ಜಾಮೀನು ಸಿಕ್ಕರೂ ಬಿಡುಗಡೆಯಿಲ್ಲ. ಇಂಥವರಿಗಾಗಿ ಕೇಂದ್ರ ಗೃಹ ಸಚಿವಾಲಯದ ಬಡ ಕೈದಿಗಳ ನೆರವು ಯೋಜನೆಯಡಿ ಜಾಮೀನಿಗೆ ಹಣದ ಸಹಾಯ ಸಿಗುತ್ತದೆ. ಜಾಮೀನಾಗಿ ಏಳು ದಿನ ಕಳೆದರೂ ಒಳಗೇ ಇರುವವರ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ನಿರ್ದೇಶಿಸಿದೆ.

ಇನ್ನೊಂದು ಗುಂಪು, ಕೃತ್ಯದ ವೇಳೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ಖುಲಾಸೆಯಾದವರು ಮತ್ತು ಕಾಯಿಲೆಯ ಕಾರಣ ವಿಚಾರಣೆ ಎದುರಿಸಲಾಗದವರು. ಇವರ ಬಗ್ಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 328ರಿಂದ 339ರವರೆಗಿನ ಕಲಂಗಳಲ್ಲಿದ್ದ ನಿಯಮಗಳು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ರಿಂದ 378ರವರೆಗಿನ ಕಲಂಗಳಲ್ಲಿವೆ. ಖುಲಾಸೆಯಾದವರನ್ನು ಸುರಕ್ಷಿತ ಸ್ಥಳದಲ್ಲಿಡಬಹುದು ಅಥವಾ ಭದ್ರತೆ ಬರೆದುಕೊಡುವ ಬಂಧುವಿಗೆ, ಸ್ನೇಹಿತರಿಗೆ ಒಪ್ಪಿಸಬಹುದು. ಬಂಧುಗಳು ಮುಂದೆ ಬಾರದಿದ್ದರೆ ಖುಲಾಸೆಯಾದವನೂ ಒಳಗೇ ಉಳಿಯುತ್ತಾನೆ. ಅಪರಾಧಿಗಿಂತ ನಿರಪರಾಧಿಯೇ ಹೆಚ್ಚು ಕಾಲ ಬಂಧನದಲ್ಲಿರುವ ವಿಪರ್ಯಾಸ ಇಲ್ಲಿ ಸಂಭವಿಸುತ್ತದೆ.

ಮೊದಲ ವಾರಗಳ ಅಪಾಯ

ಬಿಡುಗಡೆಯ ನಂತರದ ಮೊದಲ ಎರಡು ವಾರ ಜೀವಕ್ಕೇ ಅಪಾಯದ ಕಾಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರನ್ನು ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಎರಡು ವಾರಗಳ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು 12.7 ಪಟ್ಟು ಹೆಚ್ಚಿತ್ತು. ಮುಖ್ಯ ಕಾರಣ ಮಾದಕ ವಸ್ತುವಿನ ಮಿತಿಮೀರಿದ ಸೇವನೆ. ಜೈಲಿನಲ್ಲಿದ್ದಾಗ ದೇಹದ ಸಹನಶಕ್ತಿ ತಗ್ಗಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಬಿಡುಗಡೆಯಾದವರ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಪುರುಷರಲ್ಲಿ 8 ಪಟ್ಟು, ಮಹಿಳೆಯರಲ್ಲಿ 36 ಪಟ್ಟು ಹೆಚ್ಚೆಂದು 2006ರ ಅಧ್ಯಯನವೊಂದು ತೋರಿಸಿತು.

ಔಷಧ ನಿಂತರೆ ಆಗುವ ತೊಂದರೆ ಪ್ರತಿ ಔಷಧಕ್ಕೂ ಬೇರೆ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು. ಮುಂದುವರಿಸಿದರೂ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಬೇಕು. ನಿದ್ರೆ ಮತ್ತು ಆತಂಕಕ್ಕೆ ದೀರ್ಘಕಾಲ ಕೊಟ್ಟ ಬೆಂಜೋಡಯಜಪೀನ್ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ಹೊತ್ತು ತಪ್ಪಿದರೆ ಹಳೆಯ ಪ್ರಮಾಣಕ್ಕೇ ಮರಳುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಆರಂಭಿಸಬೇಕು. ದಿನವೂ ಮಾತ್ರೆ ನುಂಗುವುದು ಕಷ್ಟವಿರುವವರಿಗೆ ಫ್ಲೂಫೆನಜಿನ್, ಹ್ಯಾಲೊಪೆರಿಡಾಲ್‌ನಂಥ ದೀರ್ಘಕಾಲಿಕ ಚುಚ್ಚುಮದ್ದುಗಳಿವೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿಸಿದರೆ ಸಾಕು. ರೋಗಿ ಒಪ್ಪಿದರೆ, ಬಿಡುಗಡೆಗೆ ಮುನ್ನ ಇಂಥದೊಂದು ಚುಚ್ಚುಮದ್ದು ಹಾಕುವುದು ಮೊದಲ ಕೆಲವು ವಾರಗಳ ಅಂತರವನ್ನು ತುಂಬುವ ಸರಳ ಉಪಾಯ.

ಸ್ವೀಡನ್ನಿನಲ್ಲಿ ಬಿಡುಗಡೆಯಾದ 22,275 ಕೈದಿಗಳ ದಾಖಲೆಗಳನ್ನು ಆಧರಿಸಿ 2016ರಲ್ಲಿ ಹೊರಬಂದ ಅಧ್ಯಯನ, ಸೈಕೋಸಿಸ್ ವಿರೋಧಿ ಔಷಧ ಪಡೆಯುತ್ತಿದ್ದ ಅವಧಿಯಲ್ಲಿ ಹಿಂಸಾತ್ಮಕ ಅಪರಾಧದ ಪ್ರಮಾಣ ಶೇ 42ರಷ್ಟು ಕಡಿಮೆ ಇತ್ತೆಂದು ಕಂಡುಕೊಂಡಿತು. ಮಾನಸಿಕ ಕಾಯಿಲೆಯವರೆಲ್ಲ ಅಪಾಯಕಾರಿಗಳೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಅವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಆದರೆ ಚಿಕಿತ್ಸೆಯ ಖರ್ಚು ಊರಿನ ಸುರಕ್ಷತೆಯ ಖರ್ಚೂ ಹೌದು ಎಂಬುದಕ್ಕೆ ಇದು ಪುರಾವೆ.

ಮನೆ, ನೆಲೆ, ದುಡಿಮೆ

ಭಾರತದಲ್ಲಿ ಮನೋರೋಗಿಯ ಆರೈಕೆಯ ಹೊರೆ ಹೊರುವುದು ಕುಟುಂಬ. ಜೈಲಿನಿಂದ ಬಂದವನ ವಿಷಯದಲ್ಲಿ ಈ ಆಸರೆಯೇ ಅಲುಗಾಡಿರುತ್ತದೆ. ತೀವ್ರ ಕಾಯಿಲೆಯ ಭರದಲ್ಲಿ ನಡೆಯುವ ಹಲ್ಲೆ, ಕೊಲೆಗಳಲ್ಲಿ ಎಷ್ಟೋ ಸಲ ಬಲಿಯಾದವರು ಹೆಂಡತಿ, ತಾಯಿ, ಅಣ್ಣತಮ್ಮಂದಿರೇ. ಅವನು ಮರಳುವುದು ಅದೇ ಮನೆಗೆ. ಮನೆಯವರ ಭಯಕ್ಕೆ ಕಾರಣವಿದೆ, ಅದನ್ನು ಹೃದಯಹೀನತೆ ಎನ್ನಲಾಗದು. ಅವರೊಂದಿಗೆ ಬಿಡುಗಡೆಗೆ ಮೊದಲೇ ಮಾತನಾಡಬೇಕು. ಕಾಯಿಲೆ ಮರುಕಳಿಸುವ ಮುನ್ಸೂಚನೆಗಳೇನು, ನಿದ್ರೆಗೆಟ್ಟರೆ, ಅನುಮಾನ ಹೆಚ್ಚಿದರೆ ಯಾರಿಗೆ ಫೋನ್ ಮಾಡಬೇಕು, ಮಾತ್ರೆ ಯಾರ ಕೈಯಲ್ಲಿರಬೇಕು ಎಂಬುದನ್ನು ಹೇಳಿಕೊಡಬೇಕು. ಸದಾ ಬೈಗುಳ, ಹಂಗಿಸುವಿಕೆ ಇರುವ ಮನೆಯಲ್ಲಿ ಸ್ಕಿಜೋಫ್ರೇನಿಯಾ ಬೇಗ ಮರುಕಳಿಸುತ್ತದೆ ಎಂಬುದು ದಶಕಗಳಿಂದ ತಿಳಿದ ಸಂಗತಿ. ಹಾಗಾಗಿ ಮನೆಯವರಿಗೆ ಕೊಡುವ ತಿಳಿವಳಿಕೆಯೂ ಚಿಕಿತ್ಸೆಯ ಭಾಗ.

ಮಹಿಳೆಯರ ಪಾಡು ಇನ್ನೂ ಕಠಿಣ. ಗಂಡನ ಮನೆ ಸೇರಿಸಿಕೊಳ್ಳುವುದಿಲ್ಲ, ತವರು ಹಿಂಜರಿಯುತ್ತದೆ. ಆರು ವರ್ಷದವರೆಗಿನ ಮಕ್ಕಳು ತಾಯಿಯೊಂದಿಗೆ ಜೈಲಿನಲ್ಲಿರಬಹುದು. ದೊಡ್ಡ ಮಕ್ಕಳು ಬೇರೆಡೆ ಬೆಳೆದಿರುತ್ತಾರೆ. ಹೊರಬಂದ ತಾಯಿಗೆ ಮಕ್ಕಳನ್ನು ಮತ್ತೆ ಪಡೆಯುವುದೇ ಒಂದು ಹೋರಾಟ.

ಮನೆಯಿಲ್ಲದವರಿಗೆ ಬೇಕಾದ್ದು ಹಾಫ್‌ವೇ ಹೋಂಗಳು. ಬೆಂಗಳೂರಿನ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಈ ಬಗೆಯ ವಸತಿಯಲ್ಲಿ ಹಿರಿಯ ಸಂಸ್ಥೆಗಳು. ಚೆನ್ನೈನ ಬಾನ್ಯನ್ ಸಂಸ್ಥೆ ಮನೆಗೆ ಮರಳಲಾಗದವರು ನಾಲ್ಕೈದು ಜನರಾಗಿ ಊರಿನ ನಡುವೆ ಬಾಡಿಗೆ ಮನೆಯಲ್ಲಿ ಒಟ್ಟಾಗಿ ಬಾಳುವ ಮಾದರಿಯನ್ನು ರೂಪಿಸಿದೆ. ಆದರೆ ಇಂಥ ಸ್ಥಳಗಳು ಬೆರಳೆಣಿಕೆಯಷ್ಟು, ಇರುವುದು ದೊಡ್ಡ ನಗರಗಳಲ್ಲಿ. ಪ್ರಕರಣ ಬಾಕಿ ಇರುವವರನ್ನು ಸೇರಿಸಿಕೊಳ್ಳಲು ನಡೆಸುವವರು ಅಳುಕುತ್ತಾರೆ.

ದುಡಿಮೆಗೆ ಮುಂಚೆ ದಾಖಲೆ ಬೇಕು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಇಲ್ಲದವನಿಗೆ ಅಕ್ಕಿಯೂ ಇಲ್ಲ, ಮಾಸಾಶನವೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವಿಕಲತೆಗಳ ಪಟ್ಟಿಯಲ್ಲಿ ಸೇರಿಸಿದೆ. ಮಾನಸಿಕ ಕಾಯಿಲೆಯಿಂದಾದ ನ್ಯೂನತೆಯನ್ನು ಅಳೆಯುವ ಐಡಿಯಾಸ್ ಮಾಪನದಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ದೃಢಪಟ್ಟರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಆಧಾರದ ಸವಲತ್ತುಗಳಿಗೆ ಅರ್ಹತೆ ಬರುತ್ತದೆ. ಈ ಪ್ರಮಾಣಪತ್ರದ ಕೆಲಸವನ್ನು ಜೈಲಿನಲ್ಲಿರುವಾಗಲೇ ಮುಗಿಸಿದರೆ ಬಿಡುಗಡೆಯಾದ ಮೇಲೆ ನಾಡಕಚೇರಿಗೂ ಜಿಲ್ಲಾಸ್ಪತ್ರೆಗೂ ಅಲೆಯುವುದು ತಪ್ಪುತ್ತದೆ. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1990ರಲ್ಲಿ ಆರಂಭಿಸಿದ ‘ಪ್ರಯಾಸ್’ ಯೋಜನೆ, ಸಮಾಜ ಕಾರ್ಯಕರ್ತರನ್ನು ಜೈಲಿನೊಳಗೆ ಕಳಿಸಿ ದಾಖಲೆ, ಕಾನೂನು ನೆರವು, ತಂಗುವ ಜಾಗ, ಕೆಲಸದ ತರಬೇತಿಗಳನ್ನು ಒಂದೇ ಕೈಯಿಂದ ನಡೆಸುವುದು ಸಾಧ್ಯವೆಂದು ತೋರಿಸಿದೆ.

ಹೊರದೇಶಗಳ ಅನುಭವ

ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಿಂದ ಮನೋರೋಗಿಗಳನ್ನು ನಸುಕಿನ ಎರಡರಿಂದ ಆರು ಗಂಟೆಯೊಳಗೆ ಕ್ವೀನ್ಸ್ ಪ್ಲಾಜಾದಲ್ಲಿ ಇಳಿಸಿ, ಒಂದೂವರೆ ಡಾಲರ್ ಮತ್ತು ಎರಡು ಪ್ರಯಾಣದ ಮೆಟ್ರೊ ಕಾರ್ಡ್ ಕೊಟ್ಟು ಕಳಿಸುವ ಪದ್ಧತಿಯಿತ್ತು. ಇದರ ವಿರುದ್ಧ 1999ರಲ್ಲಿ ಹೂಡಿದ ‘ಬ್ರಾಡ್ ಎಚ್’ ದಾವೆ 2003ರಲ್ಲಿ ರಾಜಿಯಲ್ಲಿ ಮುಗಿಯಿತು. ಒಳಗೆ ಚಿಕಿತ್ಸೆ ಪಡೆದವರಿಗೆ ಔಷಧ, ಚೀಟಿ, ಮುಂದಿನ ವೈದ್ಯರ ಭೇಟಿಯ ದಿನ, ಸರ್ಕಾರಿ ಸವಲತ್ತಿಗೆ ಅರ್ಜಿ, ವಸತಿಗೆ ನೆರವು ಕೊಟ್ಟು ಕಳಿಸುವುದು ನಗರದ ಹೊಣೆಯಾಯಿತು. ಬಿಡುಗಡೆಯ ಯೋಜನೆ ದಯೆಯ ವಿಷಯವಲ್ಲ, ಹಕ್ಕಿನ ವಿಷಯ ಎಂಬ ಮಾತಿಗೆ ಈ ಪ್ರಕರಣ ದೊಡ್ಡ ಆಧಾರ. 2023ರಲ್ಲಿ ಕ್ಯಾಲಿಫೋರ್ನಿಯಾ, ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಸೇವೆಯನ್ನು ಬಿಡುಗಡೆಗೆ 90 ದಿನ ಮೊದಲೇ ಆರಂಭಿಸಲು ಅನುಮತಿ ಪಡೆಯಿತು.

ನ್ಯೂಯಾರ್ಕಿನಲ್ಲೇ, ಆಶ್ರಯ ತಾಣಗಳಿಂದ ಹೊರಹೋಗುವ ಮನೋರೋಗಿಗಳಿಗಾಗಿ ‘ಕ್ರಿಟಿಕಲ್ ಟೈಮ್ ಇಂಟರ್ವೆನ್ಶನ್’ ಎಂಬ ಕ್ರಮ ಹುಟ್ಟಿತು. ಒಬ್ಬ ಕಾರ್ಯಕರ್ತ ಒಂಬತ್ತು ತಿಂಗಳು ಜೊತೆಗಿರುತ್ತಾನೆ: ಮೊದಲ ಮೂರು ತಿಂಗಳು ತಾನೇ ಮುಂದೆ ನಿಂತು ಮಾಡುತ್ತಾನೆ, ಮುಂದಿನ ಮೂರು ತಿಂಗಳು ಸ್ಥಳೀಯರು ಮಾಡುವುದನ್ನು ನೋಡಿಕೊಳ್ಳುತ್ತಾನೆ, ಕೊನೆಯ ಮೂರು ತಿಂಗಳಲ್ಲಿ ಹಿಂದೆ ಸರಿಯುತ್ತಾನೆ. ಇದನ್ನು ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಕೈದಿಗಳ ಮೇಲೆ ಪರೀಕ್ಷಿಸಿದಾಗ ಆರನೇ ವಾರದಲ್ಲಿ ಚಿಕಿತ್ಸೆಯಲ್ಲಿ ಉಳಿದವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿತ್ತು, ಆಮೇಲೆ ವ್ಯತ್ಯಾಸ ಕುಗ್ಗಿತು. ಆರಂಭದ ಒತ್ತಾಸೆ ಫಲ ಕೊಡುತ್ತದೆ, ಆದರೆ ಅದನ್ನು ವಹಿಸಿಕೊಳ್ಳುವ ಸ್ಥಳೀಯ ಸೇವೆ ಗಟ್ಟಿಯಿಲ್ಲದಿದ್ದರೆ ಫಲ ಉಳಿಯುವುದಿಲ್ಲ.

ನಾರ್ವೆ 1988ರಲ್ಲಿ ಜೈಲುಗಳ ಆರೋಗ್ಯ ಸೇವೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಇಂಗ್ಲೆಂಡ್ 2006ರ ವೇಳೆಗೆ ರಾಷ್ಟ್ರೀಯ ಆರೋಗ್ಯ ಸೇವೆಗೆ ಒಪ್ಪಿಸಿತು. ಒಳಗೂ ಹೊರಗೂ ಹೊಣೆ ಒಂದೇ ವ್ಯವಸ್ಥೆಯದಾದರೆ ದಾಖಲೆ ಕಳೆದುಹೋಗುವ ಸಂಭವ ಕಡಿಮೆ.

ಕರ್ನಾಟಕದಲ್ಲಿ ಇರುವುದು, ಇಲ್ಲದ್ದು

ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯುವ ಪ್ರಯೋಗದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ಜಿಲ್ಲೆಗಳಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ಶುಶ್ರೂಷಕರ ತಂಡವಿದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ತಪಾಸಣೆ ನಡೆಯುತ್ತದೆ. ‘ಮಾನಸಧಾರಾ’ ಹಗಲು ಆರೈಕೆ ಕೇಂದ್ರಗಳಿವೆ. ನಿಮ್ಹಾನ್ಸ್ ನೇತೃತ್ವದ ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್ 10ರಿಂದ ಹಗಲಿರುಳು ಕನ್ನಡದಲ್ಲೂ ಸಿಗುತ್ತದೆ. ಮಗನಿಗೆ ಔಷಧ ತರಲು ತಾಲ್ಲೂಕಿಗೆ ಹೋಗುವ ತಾಯಿಗೆ 2023ರ ಶಕ್ತಿ ಯೋಜನೆಯಿಂದ ಬಸ್ ಖರ್ಚೂ ಉಳಿದಿದೆ.

ಇಷ್ಟೆಲ್ಲ ಇದ್ದೂ ಜೈಲಿನ ಕಡತ ತಾಲ್ಲೂಕು ಆಸ್ಪತ್ರೆಗೆ ತಲುಪುವ ಗೊತ್ತಾದ ದಾರಿಯಿಲ್ಲ. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಜೈಲಿಗೆ ಸೇರಿದ ಮೊದಲ ದಿನಗಳಲ್ಲೇ ಪ್ರತಿಯೊಬ್ಬರ ಮಾನಸಿಕ ಆರೋಗ್ಯದ ತಪಾಸಣೆಯಾಗಬೇಕು. ವಿಚಾರಣಾಧೀನನ ಬಿಡುಗಡೆ ಯಾವಾಗ ಬೇಕಾದರೂ ಆಗಬಹುದಾದ್ದರಿಂದ ಬಿಡುಗಡೆಯ ಯೋಜನೆಯೂ ಚಿಕಿತ್ಸೆ ಆರಂಭವಾದ ದಿನವೇ ಸಿದ್ಧವಾಗಬೇಕು. ರೋಗದ ವಿವರ, ಔಷಧದ ಹೆಸರು, ಪ್ರಮಾಣ, ಮುಂದಿನ ಚುಚ್ಚುಮದ್ದಿನ ದಿನಾಂಕವಿರುವ ಕನ್ನಡದ ಚೀಟಿಯನ್ನು ಕೈದಿಯ ಸ್ವಂತ ವಸ್ತುಗಳ ಜೊತೆಗೇ ಇಟ್ಟಿರಬೇಕು. ಹೊರಡುವಾಗ ಒಂದು ತಿಂಗಳ ಮಾತ್ರೆ ಕೈಯಲ್ಲಿರಬೇಕು. ಆತ್ಮಹತ್ಯೆಯ ಅಪಾಯವಿದ್ದರೆ ಮಾತ್ರೆ ಕಡಿಮೆ ಸಂಖ್ಯೆಯಲ್ಲಿ, ಮನೆಯವರ ವಶದಲ್ಲಿರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಕಾಯುತ್ತದೆ. ಹಾಗಾಗಿ ಆಸ್ಪತ್ರೆಗೆ, ಆಶಾ ಕಾರ್ಯಕರ್ತೆಗೆ, ಮನೆಗೆ ಏನು ತಿಳಿಸಬೇಕೆಂಬುದಕ್ಕೆ ಅವನ ಒಪ್ಪಿಗೆ ಪಡೆಯಬೇಕು. ಪೊಲೀಸ್ ಠಾಣೆಗೆ ರೋಗದ ಪಟ್ಟಿ ಹೋಗಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಿಡುಗಡೆಯಾಗುವ ಪ್ರತಿ ರೋಗಿಗೂ ಹೆಸರು, ಫೋನ್ ನಂಬರ್ ಗೊತ್ತಿರುವ ಒಬ್ಬ ಕಾರ್ಯಕರ್ತ ಹೊಣೆಗಾರನಾಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರಿಗೆ ಜೈಲು ಭೇಟಿಯನ್ನೂ ಬಿಡುಗಡೆಯ ನಂತರದ ಮೊದಲ ಮೂರು ತಿಂಗಳ ಮನೆ ಭೇಟಿಯನ್ನೂ ಕರ್ತವ್ಯವಾಗಿ ವಹಿಸಿ, ಅದಕ್ಕೆ ತಕ್ಕಷ್ಟು ಹುದ್ದೆಗಳನ್ನು ತುಂಬಿದರೆ ಈ ಕೆಲಸ ಆರಂಭವಾಗುತ್ತದೆ. ಕಾಯ್ದೆ, ಆಸ್ಪತ್ರೆ, ಔಷಧ, ಮಾಸಾಶನ ಎಲ್ಲವೂ ಇರುವ ರಾಜ್ಯದಲ್ಲಿ ರೋಗಿ ಮತ್ತೆ ಬೀದಿಗೋ ಜೈಲಿಗೋ ಮರಳಿದರೆ ಅದು ಕಾಯಿಲೆಯ ತಪ್ಪಲ್ಲ, ಹೊಣೆ ಹೊರದ ಆಡಳಿತದ ತಪ್ಪು.